ಎಂಟನೆಯ ಮಹಡಿಗೆ ಬರುವ ರೈಲು
ಬೆಟ್ಟಗಳ ಮಹಾನಗರಿ ಚೊಂಗ್‌ಚಿಂಗ್‌ನ ಮೆಟ್ರೊ ವೈಭವ

ಜಿಯಾಲಿಂಗ್ ನದಿಯ ದಂಡೆಯಲ್ಲಿ, ಕಡಿದಾದ ಇಳಿಜಾರಿಗೆ ಬೆನ್ನು ಕೊಟ್ಟು ನಿಂತಿದೆ 19 ಅಂತಸ್ತುಗಳ ಒಂದು ಕಟ್ಟಡ. ಮೇಲಿನ ಮಹಡಿಗಳಲ್ಲಿ ಸಂಸಾರಗಳು, ಕೆಳಗೆ ಅಂಗಡಿ ಮುಂಗಟ್ಟುಗಳು. ಆದರೆ ನಡುಮಧ್ಯದಲ್ಲಿ, ಆರರಿಂದ ಎಂಟನೆಯ ಮಹಡಿಯವರೆಗೆ, ಗೋಡೆಯೇ ಇಲ್ಲ! ಅಲ್ಲಿರುವುದು ಒಂದು ಬೃಹತ್ ದ್ವಾರ. ನೋಡನೋಡುತ್ತಿದ್ದಂತೆಯೇ ಎತ್ತರದ ಕಂಬಗಳ ಮೇಲೆ ಹರಿದು ಬಂದ ರೈಲೊಂದು ಆ ದ್ವಾರದೊಳಗೆ ನುಗ್ಗುತ್ತದೆ, ಕಟ್ಟಡದ ಒಡಲಲ್ಲೇ ನಿಲ್ಲುತ್ತದೆ, ಪ್ರಯಾಣಿಕರನ್ನು ಇಳಿಸಿ ಹತ್ತಿಸಿಕೊಂಡು ಇನ್ನೊಂದು ಬದಿಯಿಂದ ಹೊರಬಿದ್ದು ಬೆಟ್ಟದ ತಿರುವಿನಲ್ಲಿ ಮರೆಯಾಗುತ್ತದೆ. ಇದು ಚೀನಾದ ನೈರುತ್ಯ ಭಾಗದ ಮಹಾನಗರ ಚೊಂಗ್‌ಚಿಂಗ್‌ನ ಲಿಜಿಬಾ ನಿಲ್ದಾಣ. ಕೆಳಗಿನ ರಸ್ತೆಯ ಬದಿಯಲ್ಲಿ ಇದನ್ನು ನೋಡಲೆಂದೇ ನಗರಾಡಳಿತ ಒಂದು ವೀಕ್ಷಣಾ ಕಟ್ಟೆಯನ್ನು ನಿರ್ಮಿಸಿದೆ. ಅಲ್ಲಿ ನಿಂತ ಪ್ರವಾಸಿಗರು ಬಾಯಿ ಅಗಲಿಸಿ, ರೈಲನ್ನೇ ನುಂಗುತ್ತಿರುವಂತೆ ಫೋಟೊ ತೆಗೆಸಿಕೊಳ್ಳುತ್ತಾರೆ.

ಕಟ್ಟಡವನ್ನು ಕೊರೆದು ರೈಲು ಬಿಟ್ಟಿದ್ದಾರೆ ಎಂಬುದು ಹೊರಗಿನವರ ಕಲ್ಪನೆ. ವಾಸ್ತವ ಅದಕ್ಕಿಂತ ಸ್ವಾರಸ್ಯಕರ. ನದಿಗೂ ಬೆಟ್ಟಕ್ಕೂ ನಡುವೆ ಉಳಿದಿದ್ದ ಇಕ್ಕಟ್ಟಾದ ಜಾಗದಲ್ಲಿ ರೈಲು ಮಾರ್ಗವೂ ಬರಬೇಕಿತ್ತು, ವಸತಿ ಸಂಕೀರ್ಣವೂ ಏಳಬೇಕಿತ್ತು. ಹಾಗಾಗಿ ಎರಡನ್ನೂ ಒಟ್ಟಿಗೇ ವಿನ್ಯಾಸಗೊಳಿಸಿ, ಒಟ್ಟಿಗೇ ಕಟ್ಟಲಾಯಿತು. ನಿಲ್ದಾಣದ ಭಾರವನ್ನು ಹೊತ್ತ ಕಂಬಗಳೇ ಬೇರೆ, ಮನೆಗಳ ಭಾರವನ್ನು ಹೊತ್ತ ಕಂಬಗಳೇ ಬೇರೆ. ಎರಡು ಚೌಕಟ್ಟುಗಳೂ ಪರಸ್ಪರ ತಾಕದಂತೆ ನಡುವೆ ಅಂತರ ಬಿಡಲಾಗಿದೆ. ರೈಲಿನ ಕಂಪನ ಮೇಲಿನ ಮನೆಯವರ ಅಡುಗೆಮನೆಯ ಪಾತ್ರೆಗಳನ್ನು ಅಲುಗಿಸದಿರುವುದಕ್ಕೆ ಇದೇ ಕಾರಣ. ರೈಲಿಗೆ ರಬ್ಬರ್ ಚಕ್ರಗಳಿರುವುದರಿಂದ ಸದ್ದೂ ಕಡಿಮೆ.

ಜಗತ್ತು ಚೊಂಗ್‌ಚಿಂಗ್ ಮೆಟ್ರೊವನ್ನು ಗುರುತಿಸುವುದೇ ಲಿಜಿಬಾದಿಂದ. 2017ರ ಸುಮಾರಿಗೆ ಸಾಮಾಜಿಕ ಜಾಲತಾಣಗಳಲ್ಲಿ ಅದರ ವಿಡಿಯೊಗಳು ಹರಿದಾಡಿದ ಮೇಲೆ ನಿಲ್ದಾಣವೇ ಒಂದು ಯಾತ್ರಾಸ್ಥಳವಾಯಿತು. ಆದರೆ 500 ಕಿಲೋಮೀಟರಿಗೂ ಮಿಗಿಲಾಗಿ ಬೆಳೆದಿರುವ ಈ ಜಾಲದಲ್ಲಿ ಲಿಜಿಬಾ ಕೇವಲ ಮುಖಪುಟ. ಒಳಪುಟಗಳು ಇನ್ನೂ ರೋಚಕವಾಗಿವೆ.

ಸಮತಟ್ಟು ನೆಲವೇ ಇಲ್ಲದ ಊರು

ಚೊಂಗ್‌ಚಿಂಗ್‌ನ ಭೂಗೋಳವನ್ನು ಅರಿಯದೆ ಅದರ ಮೆಟ್ರೊ ಅರ್ಥವಾಗದು. ಯಾಂಗ್ಟ್ಸೆ ಮತ್ತು ಜಿಯಾಲಿಂಗ್ ನದಿಗಳು ಸಂಗಮಿಸುವ ಛಾವ್‌ಥಿಯನ್‌ಮನ್ ಎಂಬಲ್ಲಿ, ಎರಡೂ ನದಿಗಳ ನಡುವೆ ಚಾಚಿಕೊಂಡ ಕಲ್ಲಿನ ನಾಲಗೆಯಂತಹ ಯುಜೋಂಗ್ ಪರ್ಯಾಯ ದ್ವೀಪವೇ ಮೂಲ ನಗರ. ಸುತ್ತ ಸಮಾನಾಂತರವಾಗಿ ಸಾಗುವ ಪರ್ವತ ಶ್ರೇಣಿಗಳು, ಅವುಗಳ ನಡುವೆ ಕಣಿವೆಗಳು. ಇಲ್ಲಿ ಒಂದು ಬೀದಿಯಿಂದ ಕಟ್ಟಡವೊಂದರ ನೆಲಮಹಡಿಗೆ ಕಾಲಿಟ್ಟು, ಲಿಫ್ಟ್ ಏರಿ ಇಪ್ಪತ್ತನೆಯ ಮಹಡಿಗೂ ಮೇಲೆ ಹೋಗಿ ಹೊರಬಂದರೆ ಎದುರಿಗೆ ಇನ್ನೊಂದು ಬೀದಿ, ವಾಹನ ಸಂಚಾರ, ತರಕಾರಿ ಅಂಗಡಿ! ನಕ್ಷೆಯಲ್ಲಿ ಕೂಗಳತೆಯಲ್ಲಿರುವ ಎರಡು ಸ್ಥಳಗಳ ನಡುವೆ ನೂರಾರು ಮೆಟ್ಟಿಲುಗಳ ಅಂತರ ಇರಬಹುದು. ಸೈಕಲ್ಲುಗಳ ದೇಶವೆಂದೇ ಹೆಸರಾಗಿದ್ದ ಚೀನಾದಲ್ಲಿ ಸೈಕಲ್ಲುಗಳು ಅಪರೂಪವಾಗಿದ್ದ ಮಹಾನಗರ ಇದು. ಇಲ್ಲಿ ಸರಕು ಸಾಗಿಸುತ್ತಿದ್ದವರು ಬಿದಿರಿನ ಗಳು ಮತ್ತು ಹಗ್ಗ ಹಿಡಿದು ಮೆಟ್ಟಿಲ ಬುಡದಲ್ಲಿ ಕಾಯುತ್ತಿದ್ದ ‘ಬಾಂಗ್‌ಬಾಂಗ್’ ಎಂಬ ಹಮಾಲರು.

ಮೆಟ್ರೊ ಬರುವ ಮೊದಲೇ ಈ ಊರು ಏರುವುದಕ್ಕೂ ದಾಟುವುದಕ್ಕೂ ವಿಚಿತ್ರ ಉಪಾಯಗಳನ್ನು ಕಂಡುಕೊಂಡಿತ್ತು. 1982ರಲ್ಲಿ ಜಿಯಾಲಿಂಗ್ ನದಿಯ ಮೇಲೆ, 1987ರಲ್ಲಿ ಯಾಂಗ್ಟ್ಸೆಯ ಮೇಲೆ ಹಗ್ಗದ ಹಾದಿಗಳು ಬಂದವು. ಜನ ತೂಗುತೊಟ್ಟಿಲಲ್ಲಿ ಕುಳಿತು ಕಚೇರಿಗೆ ಹೋಗಿಬಂದರು. 1996ರಲ್ಲಿ ಲಿಯಾಂಗ್‌ಲುಕೌ ಬಡಾವಣೆಯಿಂದ ಕೆಳಗಿನ ಚೈಯುವಾನ್‌ಬಾ ರೈಲು ನಿಲ್ದಾಣಕ್ಕೆ 112 ಮೀಟರ್ ಉದ್ದದ ಎಸ್ಕಲೇಟರ್ ಹಾಕಲಾಯಿತು. ಇವೆಲ್ಲ ಪ್ರವಾಸಿಗರ ಮೋಜಿಗಾಗಿ ಹುಟ್ಟಿದವಲ್ಲ, ಬೇರೆ ದಾರಿಯೇ ಇಲ್ಲದೆ ಹುಟ್ಟಿದವು. ಜಿಯಾಲಿಂಗ್ ಹಗ್ಗದ ಹಾದಿ 2011ರಲ್ಲಿ ನಿಂತುಹೋಯಿತು. ಯಾಂಗ್ಟ್ಸೆಯದು ಈಗಲೂ ಓಡುತ್ತಿದೆ, ಪ್ರವಾಸಿಗರ ಸರತಿಯೊಂದಿಗೆ.

ಯುದ್ಧದ ನೆನಪು, ಮುಂದೂಡಿದ ಕನಸು

1937ರಲ್ಲಿ ಜಪಾನಿನ ಆಕ್ರಮಣಕ್ಕೆ ಸಿಲುಕಿದ ಚೀನಾ ಸರ್ಕಾರ ರಾಜಧಾನಿಯನ್ನು ನಾನ್‌ಜಿಂಗ್‌ನಿಂದ ಈ ಗಿರಿನಗರಕ್ಕೆ ಸ್ಥಳಾಂತರಿಸಿತು. ಮುಂದಿನ ವರ್ಷಗಳಲ್ಲಿ ಬಾಂಬುಗಳ ಮಳೆ ಸುರಿಯಿತು. ಜನ ಬಂಡೆಯೊಳಗೆ ಸುರಂಗ ತೋಡಿಕೊಂಡು ಜೀವ ಉಳಿಸಿಕೊಂಡರು. 1939ರ ಆಗಸ್ಟ್‌ನಲ್ಲಿ ಇಲ್ಲಿಗೆ ಬಂದಿದ್ದ ಜವಾಹರಲಾಲ್ ನೆಹರೂ ಅವರೂ ವಿಮಾನ ದಾಳಿಯ ವೇಳೆ ಇಂತಹ ನೆಲಮಾಳಿಗೆಗಳಲ್ಲಿ ಆಶ್ರಯ ಪಡೆದವರೇ. 1941ರ ಜೂನ್ 5ರ ರಾತ್ರಿ ಜಿಯಾವ್‌ಛಾಂಗ್‌ಕೌ ಬಳಿಯ ಸುರಂಗಾಶ್ರಯದಲ್ಲಿ ಮಿತಿಮೀರಿ ತುಂಬಿಕೊಂಡ ಜನ ಗಾಳಿಯಿಲ್ಲದೆ, ಕಾಲ್ತುಳಿತಕ್ಕೆ ಸಿಕ್ಕು ದೊಡ್ಡ ಸಂಖ್ಯೆಯಲ್ಲಿ ಪ್ರಾಣ ಬಿಟ್ಟರು. ಇಂದು ಅದೇ ಜಿಯಾವ್‌ಛಾಂಗ್‌ಕೌ ಚೊಂಗ್‌ಚಿಂಗ್‌ನ ಮೊದಲ ಮೆಟ್ರೊ ಮಾರ್ಗದ ಆರಂಭ ಬಿಂದು. ಭೂಗರ್ಭವನ್ನು ಭಯದಿಂದ ಬಲ್ಲ ಊರು ಮತ್ತೆ ಅದೇ ಭೂಗರ್ಭಕ್ಕೆ ಗಾಳಿ, ಬೆಳಕು, ವೇಗಗಳೊಂದಿಗೆ ಇಳಿದಿರುವುದು ಸಣ್ಣ ಸಂಗತಿಯಲ್ಲ.

ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಸಿದ್ಧವಾದ ನಗರಾಭಿವೃದ್ಧಿಯ ಹತ್ತು ವರ್ಷಗಳ ಯೋಜನೆಯಲ್ಲೇ ವೇಗದ ವಿದ್ಯುತ್ ರೈಲಿನ ಪ್ರಸ್ತಾಪವಿತ್ತು. ಅದು ಕಡತದಲ್ಲೇ ಉಳಿಯಿತು. ಚೀನಾದ ಮೊದಲ ಮೆಟ್ರೊ ಬಂದದ್ದು ಬೀಜಿಂಗ್‌ಗೆ. 1965ರಲ್ಲಿ ಕಾಮಗಾರಿ ಶುರುವಾಗಿ 1969ರಲ್ಲಿ ಪೂರ್ಣಗೊಂಡ ಆ ಮಾರ್ಗದ ಹಿಂದೆ ಸಾರಿಗೆಯಷ್ಟೇ ದೇಶರಕ್ಷಣೆಯ ಉದ್ದೇಶವೂ ಇತ್ತು. ಆನಂತರ ತಿಯಾಂಜಿನ್, 1990ರ ದಶಕದಲ್ಲಿ ಶಾಂಘೈ, ಗುವಾಂಗ್‌ಜೌ. ಹೊಸ ಸಹಸ್ರಮಾನ ಹುಟ್ಟುವಾಗ ಚೀನಾದ ಮುಖ್ಯಭೂಮಿಯಲ್ಲಿ ಮೆಟ್ರೊ ಇದ್ದದ್ದು ಬೆರಳೆಣಿಕೆಯ ನಗರಗಳಲ್ಲಿ, ಅವೆಲ್ಲವೂ ಬಹುಮಟ್ಟಿಗೆ ಸಮತಟ್ಟಾದ ಪ್ರದೇಶಗಳಲ್ಲಿ. ಇಂದು ಅಂತಹ ನಗರಗಳು ನಲವತ್ತನ್ನು ಮೀರಿವೆ. ದೇಶದ ನಗರ ರೈಲು ಜಾಲ 10,000 ಕಿಲೋಮೀಟರ್ ದಾಟಿದೆ. ಈ ಮಹಾಪ್ರವಾಹದಲ್ಲಿ ಚೊಂಗ್‌ಚಿಂಗ್ ತನ್ನದೇ ದಾರಿ ಹಿಡಿಯಿತು.

1997ರಲ್ಲಿ ಸಿಚುವಾನ್ ಪ್ರಾಂತ್ಯದಿಂದ ಬೇರ್ಪಟ್ಟ ಚೊಂಗ್‌ಚಿಂಗ್ ಕೇಂದ್ರದ ನೇರ ಅಧೀನದ ಮಹಾನಗರಾಡಳಿತ ಪ್ರದೇಶವಾಯಿತು. ಸ್ಥಾನ ಬದಲಾದದ್ದೇ ತಡ, ಯೋಜನೆಗಳಿಗೆ ರೆಕ್ಕೆ ಬಂತು.

ಒಂದೇ ತೊಲೆ, ರಬ್ಬರ್ ಗಾಲಿ

ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಓಡುವ ಸಾಮಾನ್ಯ ಮೆಟ್ರೊಗೆ ತೀವ್ರ ಏರು ಒಗ್ಗುವುದಿಲ್ಲ, ಬಿಗಿಯಾದ ತಿರುವೂ ಒಗ್ಗುವುದಿಲ್ಲ. ನದಿಯ ಅಂಚಿನಲ್ಲಿ ಸಾಗಿ, ಬೆಟ್ಟದ ಭುಜ ಬಳಸಿ, ಹಳೆಯ ಬಡಾವಣೆಗಳ ಸಂದಿಯಲ್ಲಿ ನುಸುಳಬೇಕಿದ್ದ, ಎಲ್ಲಕ್ಕಿಂತ ಮೊದಲು ಕಟ್ಟಿದ 2ನೇ ಮಾರ್ಗಕ್ಕೆ ಚೊಂಗ್‌ಚಿಂಗ್ ಆರಿಸಿಕೊಂಡದ್ದು ಮೋನೊರೈಲನ್ನು. ಕಾಂಕ್ರೀಟಿನ ಒಂದೇ ತೊಲೆಯನ್ನು ಕುದುರೆ ಸವಾರನಂತೆ ಎರಡೂ ಬದಿಯಿಂದ ಅಪ್ಪಿಕೊಂಡು ಸಾಗುವ ರೈಲು ಅದು. ಭಾರ ಹೊರುವ ಗಾಲಿಗಳು ತೊಲೆಯ ನೆತ್ತಿಯ ಮೇಲೆ. ದಾರಿ ತಪ್ಪದಂತೆ ಕಾಯುವ ಅಡ್ಡ ಗಾಲಿಗಳು ಪಕ್ಕಗಳಲ್ಲಿ. ಎಲ್ಲವೂ ರಬ್ಬರಿನವು. 100 ಮೀಟರ್ ತ್ರಿಜ್ಯದ ತಿರುವನ್ನೂ ಅದು ಸಲೀಸಾಗಿ ಬಳಸಿಬಿಡುತ್ತದೆ.

ತಂತ್ರಜ್ಞಾನ ಬಂದದ್ದು ಜಪಾನಿನ ಹಿಟಾಚಿ ಸಂಸ್ಥೆಯಿಂದ. ಜಪಾನ್ ಸರ್ಕಾರದ ಅಭಿವೃದ್ಧಿ ಸಾಲವೂ ಯೋಜನೆಗೆ ದೊರೆಯಿತು. ಒಂದು ಕಾಲದಲ್ಲಿ ತನ್ನ ಮೇಲೆ ಬಾಂಬು ಹಾಕಿದ ದೇಶದಿಂದಲೇ ರೈಲು ತರಿಸಿಕೊಂಡ ನಗರದ ವ್ಯವಹಾರ ಪ್ರಜ್ಞೆಯನ್ನು ಮೆಚ್ಚಬೇಕು. ಮೊದಲ ರೈಲುಗಳ ನಂತರ ನಿರ್ಮಾಣದ ಹೊಣೆ ಈಶಾನ್ಯ ಚೀನಾದ ಛಾಂಗ್‌ಛುನ್ ಕಾರ್ಖಾನೆಗೆ ವರ್ಗವಾಯಿತು. ಬೆಂಗಳೂರಿನ ಹಳದಿ ಮಾರ್ಗಕ್ಕೆ ಮಾದರಿ ರೈಲನ್ನು ತಯಾರಿಸಿಕೊಟ್ಟ ಸಿಆರ್‌ಆರ್‌ಸಿ ಸಮೂಹದಲ್ಲೇ ಈ ಕಾರ್ಖಾನೆಯೂ ಇದೆ. ನಮ್ಮ ರೈಲು ಬಂದದ್ದು ಮಾತ್ರ ಅದೇ ಸಮೂಹದ ನಾನ್‌ಜಿಂಗ್ ಘಟಕದಿಂದ.

ಮೋನೊರೈಲಿನಲ್ಲಿ ತೊಲೆಯೇ ಹಳಿ. ಹಾಗಾಗಿ ಪ್ರತಿ ತೊಲೆಯನ್ನೂ ಅದು ಕೂರುವ ಜಾಗಕ್ಕೆ ತಕ್ಕ ಬಾಗು, ಓರೆಗಳೊಂದಿಗೆ ಮಿಲಿಮೀಟರುಗಳ ಲೆಕ್ಕದಲ್ಲಿ ಎರಕ ಹೊಯ್ಯಬೇಕು. ಅಚ್ಚು ಕೆಟ್ಟರೆ ಆಮೇಲೆ ಹಳಿ ಸರಿಪಡಿಸುವ ಅವಕಾಶವಿಲ್ಲ. ಇನ್ನು ರೈಲು ಒಂದು ಮಾರ್ಗದಿಂದ ಇನ್ನೊಂದಕ್ಕೆ ಹೊರಳಬೇಕೆಂದರೆ? ಅಲ್ಲಿ ಕಾಂಕ್ರೀಟಿನ ಬದಲು ಉಕ್ಕಿನ ಪೆಟ್ಟಿಗೆಗಳನ್ನು ಕೀಲುಗಳಿಂದ ಜೋಡಿಸಿದ ತೊಲೆ ಇರುತ್ತದೆ. ಮೋಟಾರು ಚಾಲೂ ಆದೊಡನೆ ಆ ಇಡೀ ತೊಲೆ ಹಾವಿನಂತೆ ಪಕ್ಕಕ್ಕೆ ಬಾಗಿ, ಮತ್ತೊಂದು ತೊಲೆಯ ತುದಿಗೆ ಹೋಗಿ ನಿಖರವಾಗಿ ಕೂರುತ್ತದೆ. ಲಿಜಿಬಾದ ಮುಂದೆ ಸೇರುವ ಜನಜಂಗುಳಿಯ ಹತ್ತರಲ್ಲೊಂದು ಪಾಲಾದರೂ ಈ ಕೌಶಲವನ್ನು ನೋಡಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

1999ರ ಕೊನೆಯಲ್ಲಿ ಆರಂಭವಾದ ಕಾಮಗಾರಿ 2004ರಲ್ಲಿ ಪ್ರಾಯೋಗಿಕ ಓಡಾಟದ ಹಂತ ತಲುಪಿ, 2005ರ ಜೂನ್‌ನಲ್ಲಿ ಮೊದಲ ಭಾಗ ಸಾರ್ವಜನಿಕ ಸೇವೆಗೆ ತೆರೆದುಕೊಂಡಿತು. ಅದು ನಗರ ಸಾರಿಗೆಗೆಂದೇ ಬಂದ ಚೀನಾದ ಪ್ರಥಮ ಮೋನೊರೈಲು ಮಾರ್ಗ. ದೇಶದ ಪಶ್ಚಿಮ ಭಾಗದ ಮೊದಲ ನಗರ ರೈಲೂ ಹೌದು. ವಸಂತ ಬಂದರೆ ಇದೇ ಮಾರ್ಗದ ಫೊಥುಗುವಾನ್ ಬಳಿ ಬೆಟ್ಟದ ಇಳಿಜಾರಿನ ಮರಗಳೆಲ್ಲ ಹೂಬಿಟ್ಟು, ರೈಲು ಹೂವಿನ ಹೊದಿಕೆಯ ನಡುವಿನಿಂದ ಹಾದುಬರುತ್ತದೆ. ಆಗ ಕ್ಯಾಮೆರಾ ಹಿಡಿದವರಿಗೆ ಅಲ್ಲಿ ಕಾಲಿಡಲೂ ಜಾಗವಿರುವುದಿಲ್ಲ.

2011ರಲ್ಲಿ ಆರಂಭವಾದ 3ನೇ ಮಾರ್ಗವೂ ಮೋನೊರೈಲೇ. ಉತ್ತರದ ಜಿಯಾಂಗ್‌ಬೈ ವಿಮಾನ ನಿಲ್ದಾಣದಿಂದ ಎರಡೂ ನದಿಗಳನ್ನು ದಾಟಿ ದಕ್ಷಿಣದ ಯುಡೋಂಗ್‌ವರೆಗೆ ಸಾಗುವ ಇದು ಜಗತ್ತಿನ ಅತಿ ಉದ್ದದ, ಅತ್ಯಂತ ದಟ್ಟಣೆಯ ಮೋನೊರೈಲು ಮಾರ್ಗವೆಂದು ಖ್ಯಾತಿ ಪಡೆಯಿತು. ಎರಡೂ ಮಾರ್ಗಗಳು ಸೇರಿ ಸುಮಾರು 98 ಕಿಲೋಮೀಟರ್. ಭೂಮಂಡಲದಲ್ಲಿ ಇಷ್ಟು ದೊಡ್ಡ ಮೋನೊರೈಲು ಜಾಲ ಬೇರೆಲ್ಲೂ ಇಲ್ಲ. ಮೇಳಗಳ, ಮನೋರಂಜನಾ ಉದ್ಯಾನಗಳ ಆಟಿಕೆಯೆಂದೇ ಅನೇಕರು ಭಾವಿಸಿದ್ದ ವಾಹನವನ್ನು ಚೊಂಗ್‌ಚಿಂಗ್ ದುಡಿಯುವ ಎತ್ತನ್ನಾಗಿಸಿತು. ಭಾರತದ ಏಕೈಕ ಮೋನೊರೈಲನ್ನು ಮುಂಬಯಿ 2014ರಲ್ಲಿ ಆರಂಭಿಸಿತು. 20 ಕಿಲೋಮೀಟರಿನಷ್ಟು ಉದ್ದದ ಆ ಮಾರ್ಗಕ್ಕೆ ಪ್ರಯಾಣಿಕರ ಕೊರತೆ ಎಂದೂ ನೀಗಲಿಲ್ಲ. ಅದೇ ಬಗೆಯ ಯಂತ್ರವನ್ನು ನೆಲದ ಸ್ವಭಾವ ನೋಡಿ, ಜನರಿರುವ ಕಡೆಗೇ ಹಾಕಿದರೆ ಏನಾಗಬಹುದೆಂಬುದಕ್ಕೆ ಚೊಂಗ್‌ಚಿಂಗ್ ಉತ್ತರ.

ಯಶಸ್ಸಿಗೂ ಒಂದು ಬೆಲೆಯಿದೆ. 3ನೇ ಮಾರ್ಗ ತುಂಬಿ ತುಳುಕಿತು; ಆರು ಬೋಗಿಗಳು ಸಾಲದೆ ಕೆಲವು ರೈಲುಗಳನ್ನು ಎಂಟಕ್ಕೆ ಹಿಗ್ಗಿಸಬೇಕಾಯಿತು. ಮೋನೊರೈಲಿನ ಸಾಮರ್ಥ್ಯಕ್ಕೂ ಒಂದು ಮಿತಿಯಿದೆ ಎಂಬುದನ್ನು ಬೇಗನೆ ಮನಗಂಡ ಯೋಜಕರು ಉಳಿದ ಮಾರ್ಗಗಳಿಗೆ ಉಕ್ಕಿನ ಹಳಿಗೇ ಮರಳಿದರು. ಆದರೆ ಸುಮ್ಮನೆ ಮರಳಲಿಲ್ಲ. ಏರುಗಳನ್ನು ಸಮರ್ಥವಾಗಿ ಹತ್ತಬಲ್ಲ ಬೆಟ್ಟದೂರಿನ ವಿಶೇಷ ಬೋಗಿಗಳನ್ನೇ ಅಭಿವೃದ್ಧಿಪಡಿಸಿಕೊಂಡರು.

ರೈಲಿಗಾಗಿ ಕಾದ ಸೇತುವೆಗಳು

ಎರಡು ಮಹಾನದಿಗಳ ಊರಿನಲ್ಲಿ ಮೆಟ್ರೊ ಎಂದರೆ ಸೇತುವೆಗಳ ಕಥೆಯೂ ಹೌದು. 2009ರಲ್ಲಿ ಯಾಂಗ್ಟ್ಸೆಯ ಮೇಲೆ ಛಾವ್‌ಥಿಯನ್‌ಮನ್ ಸೇತುವೆ ತೆರೆದಾಗ ಅದರ 552 ಮೀಟರ್ ಹರವಿನ ಕಮಾನು ಜಗತ್ತಿನಲ್ಲೇ ಅತಿ ದೊಡ್ಡದು. ಮೇಲಂತಸ್ತಿನಲ್ಲಿ ವಾಹನಗಳು ಓಡತೊಡಗಿದವು. ಕೆಳ ಅಂತಸ್ತಿನಲ್ಲಿ ರೈಲಿಗೆಂದು ಜಾಗ ಬಿಡಲಾಗಿತ್ತು. ಆ ಜಾಗಕ್ಕೆ ರೈಲು ಬಂದದ್ದು 2018ರ ಡಿಸೆಂಬರ್‌ನಲ್ಲಿ, ವರ್ತುಲ ಮಾರ್ಗದ ಮೊದಲ ಭಾಗ ಆರಂಭವಾದಾಗ! ಒಂಬತ್ತು ವರ್ಷಗಳ ನಂತರ ಬರುವ ಅತಿಥಿಗೆ ಮೊದಲೇ ಕೋಣೆ ಕಟ್ಟಿಟ್ಟ ಈ ದೂರದೃಷ್ಟಿಯೇ ಚೊಂಗ್‌ಚಿಂಗ್‌ನ ನಿಜವಾದ ಸಾಧನೆ ಎನ್ನಬೇಕು. ರಸ್ತೆಯವರು ಅಗೆದು ಹೋದ ಮೇಲೆ ನೀರಿನವರು ಬಂದು ಅಗೆಯುವ ಊರುಗಳಲ್ಲಿರುವ ನಮಗೆ ಇದರ ಮಹತ್ವ ವಿವರಿಸಬೇಕಿಲ್ಲ.

ಪರ್ಯಾಯ ದ್ವೀಪದ ತುದಿಯಲ್ಲಿ ಅವಳಿ ಸೇತುವೆಗಳಿವೆ: ಯಾಂಗ್ಟ್ಸೆಯ ಮೇಲೆ ಡೋಂಗ್‌ಶುಯಿಮನ್, ಜಿಯಾಲಿಂಗ್‌ನ ಮೇಲೆ ಛಿಯಾನ್‌ಸಿಮನ್. 6ನೇ ಮಾರ್ಗದ ರೈಲು ಒಂದು ಸೇತುವೆಯ ಕೆಳ ಅಂತಸ್ತಿನಿಂದ ನೇರವಾಗಿ ಬಂಡೆಯೊಳಗೆ ಹೊಕ್ಕು, ಗಿಜಿಗುಡುವ ಹಳೆಯ ಪೇಟೆಯ ಅಡಿಯಲ್ಲಿ ಸಾಗಿ, ಮತ್ತೆ ಬೆಳಕಿಗೆ ಬರುವಷ್ಟರಲ್ಲಿ ಇನ್ನೊಂದು ನದಿಯ ಮೇಲಿರುತ್ತದೆ. ಎಗೋಂಗ್‌ಯಾನ್ ಎಂಬಲ್ಲಂತೂ ರೈಲಿಗಾಗಿಯೇ ಪ್ರತ್ಯೇಕ ತೂಗುಸೇತುವೆ ಎದ್ದಿತು. ಪಕ್ಕದಲ್ಲೇ ಹಳೆಯ ರಸ್ತೆ ಸೇತುವೆ ಇದ್ದುದರಿಂದ ಹೊಸ ಸೇತುವೆಯ ಭಾರೀ ಕೇಬಲ್ಲುಗಳನ್ನು ದಡದ ಬಂಡೆಗೆ ಬಿಗಿಯಲು ಅವಕಾಶವಿರಲಿಲ್ಲ. ಕೇಬಲ್ಲುಗಳನ್ನು ಸೇತುವೆಯ ಒಡಲಿಗೇ ಬಿಗಿಯುವ ವಿನ್ಯಾಸವನ್ನು ಎಂಜಿನಿಯರುಗಳು ಅಳವಡಿಸಿದರು. ಗೋಪುರಗಳ ನಡುವೆ 600 ಮೀಟರ್ ಅಂತರವಿರುವ ಇದು ಈ ಬಗೆಯ ಸೇತುವೆಗಳಲ್ಲೇ ದಾಖಲೆ. 2019ರ ಕೊನೆಯಿಂದ ಅದರ ಮೇಲೆ ರೈಲು ಓಡುತ್ತಿದೆ. 2021ರ ಜನವರಿಯಲ್ಲಿ ವರ್ತುಲ ಪೂರ್ಣಗೊಂಡಿತು.

116 ಮೀಟರ್ ಪಾತಾಳ

ಲಿಜಿಬಾ ಆಕಾಶಕ್ಕೆ ಏರಿದರೆ, ಹೋಂಗ್‌ಯಾನ್‌ಛುನ್ ಪಾತಾಳಕ್ಕೆ ಇಳಿದಿದೆ. ಯುದ್ಧಕಾಲದಲ್ಲಿ ಕಮ್ಯುನಿಸ್ಟ್ ಪಕ್ಷದ, ಝೌ ಎನ್‌ಲಾಯ್ ನೇತೃತ್ವದ ಕಚೇರಿ ಇದ್ದ ಐತಿಹಾಸಿಕ ತಾಣ ಇದು. 2022ರ ಜನವರಿಯಲ್ಲಿ 9ನೇ ಮಾರ್ಗದೊಂದಿಗೆ ತೆರೆದ ಇಲ್ಲಿನ ನಿಲ್ದಾಣದ ಆಳ 116 ಮೀಟರ್. ಬಹುಕಾಲ ಜಗತ್ತಿನ ಅತಿ ಆಳದ ಮೆಟ್ರೊ ನಿಲ್ದಾಣವೆನಿಸಿದ್ದ ಉಕ್ರೇನಿನ ಕೀವ್ ನಗರದ ಆರ್ಸೆನಲ್ನಾಗಿಂತ ಹತ್ತು ಮೀಟರ್ ಹೆಚ್ಚು! ನಲವತ್ತು ಅಂತಸ್ತಿನ ಕಟ್ಟಡವನ್ನು ಇಡಿಯಾಗಿ ಹೂಳಬಹುದಾದ ಈ ಆಳದಿಂದ ಒಂದಾದ ಮೇಲೊಂದು ಎಸ್ಕಲೇಟರ್ ಹಿಡಿದು ನೆಲಮಟ್ಟಕ್ಕೆ ಬರಲು ಸುಮಾರು ಹತ್ತು ನಿಮಿಷ ಬೇಕು.

ಇಷ್ಟು ಆಳಕ್ಕೆ ಇಳಿದದ್ದೇಕೆ? ದಾಖಲೆಗಾಗಿ ಅಲ್ಲ. ಬೆಟ್ಟ ಏರಿದಂತೆಲ್ಲ ರೈಲು ಏರಲಾರದು. ಕೆಲವೇ ನಿಲ್ದಾಣಗಳ ಆಚೆ 9ನೇ ಮಾರ್ಗ ಜಿಯಾಲಿಂಗ್ ನದಿಯನ್ನು ಸೇತುವೆಯ ಮೇಲೆ ದಾಟಬೇಕು. ಹಳಿ ಸೇತುವೆಯ ಮಟ್ಟಕ್ಕೆ ಹೊಂದಿಕೊಂಡು ನೇರವಾಗಿ ಸಾಗುತ್ತದೆ. ಅದರ ತಲೆಯ ಮೇಲೆ ಬೆಟ್ಟ ತಾನಾಗಿ ಎತ್ತರಕ್ಕೆ ಎದ್ದಿದೆ. ನಿಜಕ್ಕೂ ಇಲ್ಲಿ ಆಳ ಎಂಬುದು ನಿಲ್ದಾಣದ್ದಲ್ಲ, ಬೆಟ್ಟದ್ದು.

ಆಳ, ಎತ್ತರಗಳ ಈ ಸಂಭ್ರಮದ ನಡುವೆ ಛಾವ್‌ಜಿಯಾವಾನ್ ಎಂಬ ಹೆಸರನ್ನು ಚೊಂಗ್‌ಚಿಂಗ್‌ನ ಜನ ಮರೆಯುವುದಿಲ್ಲ. 6ನೇ ಮಾರ್ಗದ ಈ ನಿಲ್ದಾಣ 2015ರಲ್ಲಿ ತೆರೆದಾಗ ಸುತ್ತ ಊರೇ ಇರಲಿಲ್ಲ. ಎಸ್ಕಲೇಟರ್ ಹತ್ತಿ ಹೊರಬಂದವರಿಗೆ ಎದುರಾಗುತ್ತಿದ್ದದ್ದು ಆಳೆತ್ತರದ ಹುಲ್ಲು, ಮಣ್ಣಿನ ಕಾಲುದಾರಿ. ಬಾಗಿಲ ಬುಡದವರೆಗೆ ಕಳೆ ಬೆಳೆದ ಆ ನಿಲ್ದಾಣದ ಚಿತ್ರ ಜಗತ್ತಿನಾದ್ಯಂತ ಪರಿಹಾಸ್ಯಕ್ಕೆ ಗುರಿಯಾಯಿತು. ಚೀನಾದ ದುಂದುಗಾರಿಕೆಗೆ ಸಾಕ್ಷಿ ಎಂದರು. ಆಮೇಲೆ ರಸ್ತೆಗಳು ಬಂದವು, ವಸತಿ ಸಮುಚ್ಚಯಗಳು ಬಂದವು, ಮುಚ್ಚಿದ್ದ ದ್ವಾರಗಳೂ ತೆರೆದವು. ಮೊದಲು ರೈಲು, ಆಮೇಲೆ ನಗರ ಎಂಬ ಲೆಕ್ಕಾಚಾರ ಇಲ್ಲಿ ಫಲಿಸಿತು. ಎಲ್ಲ ಕಡೆಯೂ ಫಲಿಸುವುದಿಲ್ಲ ಎಂಬುದನ್ನು ಚೀನಾ ಸರ್ಕಾರವೇ ಒಪ್ಪಿಕೊಂಡಿದೆ. ಸ್ಥಳೀಯ ಆಡಳಿತಗಳ ಸಾಲ ಬೆಟ್ಟವಾಗುತ್ತಿದ್ದಂತೆ 2017ರಲ್ಲಿ ಒಳಮಂಗೋಲಿಯಾದ ಬಾವ್‌ಥೌ ನಗರದ ಮೆಟ್ರೊ ಕಾಮಗಾರಿಯನ್ನು ನಡುವಿನಲ್ಲೇ ನಿಲ್ಲಿಸಲಾಯಿತು. ಮರುವರ್ಷ ನಿಯಮಗಳು ಬಿಗಿಯಾದವು: ಹೊಸದಾಗಿ ಮೆಟ್ರೊ ಬಯಸುವ ನಗರದ ಒಟ್ಟು ಉತ್ಪನ್ನ ಕನಿಷ್ಠ 300 ಶತಕೋಟಿ ಯುವಾನ್ ಇರಬೇಕು, ನಗರ ಜನಸಂಖ್ಯೆ 30 ಲಕ್ಷ ಮೀರಿರಬೇಕು. ಚೊಂಗ್‌ಚಿಂಗ್ ಈ ಗಡಿಯನ್ನು ಎಂದೋ ದಾಟಿದೆ, ಆದರೂ ಸಾಲದ ಚಿಂತೆ ಅದಕ್ಕೂ ಇಲ್ಲದಿಲ್ಲ.

ಬುಟ್ಟಿ ಹೊತ್ತ ಪ್ರಯಾಣಿಕರು

ತೊಲೆ, ಕಮಾನು, ಸುರಂಗಗಳ ವರ್ಣನೆಯಲ್ಲಿ ಮುಳುಗಿದವರಿಗೆ 4ನೇ ಮಾರ್ಗದ ಮೊದಲ ರೈಲು ಬೇರೆಯದೇ ದೃಶ್ಯವನ್ನು ತೋರಿಸುತ್ತದೆ. 2022ರಲ್ಲಿ ಈ ಮಾರ್ಗ ನಗರದಾಚೆಯ ಶಿಛ್ವಾನ್‌ವರೆಗೆ ವಿಸ್ತರಣೆಯಾಯಿತು. ಅಲ್ಲಿನ ಹಳ್ಳಿಗಳ ರೈತರು, ಹೆಚ್ಚಿನವರು ವಯಸ್ಸಾದವರು, ನಸುಕಿಗೂ ಮುನ್ನವೇ ಎದ್ದು ಸೊಪ್ಪು, ಮೂಲಂಗಿ, ಈರುಳ್ಳಿ ಗಿಡಗಳನ್ನು ತೊಳೆದು ಕಟ್ಟಿ, ಬೆನ್ನಿನ ಬಿದಿರು ಬುಟ್ಟಿಯಲ್ಲಿ ಹೇರಿಕೊಂಡು ನಿಲ್ದಾಣದ ಬಾಗಿಲು ತೆರೆಯುವುದನ್ನೇ ಕಾಯುತ್ತಾರೆ. ತಪಾಸಣಾ ಯಂತ್ರದೊಳಗೆ ಸೂಟ್‌ಕೇಸುಗಳಂತೆ ಬುಟ್ಟಿಗಳೂ ಸಾಲಾಗಿ ಉರುಳಿ ಹೋಗುತ್ತವೆ. ಬೋಗಿಯೊಳಗೆ ಆಸನಗಳ ಮುಂದೆ ಒತ್ತೊತ್ತಾಗಿ ಬುಟ್ಟಿಗಳು, ಅವುಗಳಿಂದ ಹೊರಚಾಚಿದ ಹಸಿರು ಎಲೆಗಳು, ನೆಲದ ಮೇಲೆ ಅಲ್ಲಲ್ಲಿ ಒಂದಿಷ್ಟು ಹಸಿ ಮಣ್ಣು. ಒಂದೆರಡು ನಿಲ್ದಾಣ ದಾಟುವಷ್ಟರಲ್ಲಿ ಅಕ್ಕಪಕ್ಕದವರೊಂದಿಗೆ ಇವತ್ತಿನ ಧಾರಣೆಯ ಮಾತು ಶುರುವಾಗಿರುತ್ತದೆ.

ಈ ರೈಲಿಗೆ ‘ಬುಟ್ಟಿ ರೈಲು’ ಎಂಬ ಹೆಸರೇ ಬಿದ್ದಿದೆ. ಕೋಟು ತೊಟ್ಟ ನೌಕರರ ನಡುವೆ ಮಣ್ಣು ಮೆತ್ತಿದ ಬುಟ್ಟಿಗಳಿಗೆ ಜಾಗ ಕೊಡಬೇಕೇ ಎಂಬ ಆಕ್ಷೇಪ ಚೀನಾದಲ್ಲೂ ಕೇಳಿಬಂತು. ಮೆಟ್ರೊ ಆಡಳಿತ ರೈತರ ಪರವಾಗಿಯೇ ನಿಂತಿತು. ಆರಂಭಿಕ ದರ 2 ಯುವಾನ್ ಇರುವ ಈ ಸವಾರಿ, ಬಸ್ಸು ಬದಲಿಸುತ್ತ ಗಂಟೆಗಟ್ಟಲೆ ಕಳೆಯುತ್ತಿದ್ದ ಮುದುಕರಿಗೆ ಪೇಟೆಯ ಬೆಲೆಯನ್ನು ಕೈಗೆಟುಕಿಸಿದೆ. 116 ಮೀಟರ್ ಆಳಕ್ಕಿಂತ ನನಗೆ ಇದೇ ದೊಡ್ಡ ದಾಖಲೆಯಾಗಿ ಕಾಣುತ್ತದೆ.

ಜಾಲ ಇನ್ನೂ ಬೆಳೆಯುತ್ತಲೇ ಇದೆ. 2022ರ ಆಗಸ್ಟ್‌ನಲ್ಲಿ ಜಿಯಾಂಗ್‌ಜಿನ್ ಕಡೆಗಿನ ಹೊರವಲಯ ಮಾರ್ಗದಲ್ಲಿ ಎರಡು ಬಗೆಯ ವಿದ್ಯುತ್ತಿನಿಂದಲೂ ಓಡಬಲ್ಲ ರೈಲುಗಳು ಬಂದವು. ನಗರದೊಳಗೆ ಮೆಟ್ರೊದ 1,500 ವೋಲ್ಟ್ ಏಕಮುಖ ವಿದ್ಯುತ್ತು, ಹೊರವಲಯದಲ್ಲಿ ದೂರಗಾಮಿ ರೈಲುಗಳು ಬಳಸುವ 25,000 ವೋಲ್ಟ್ ಪರ್ಯಾಯ ವಿದ್ಯುತ್ತು. ಬದಲಾವಣೆ ಓಡುತ್ತಿರುವಾಗಲೇ ಆಗುತ್ತದೆ, ಪ್ರಯಾಣಿಕರು ಇಳಿದು ರೈಲು ಬದಲಿಸಬೇಕಾಗಿಲ್ಲ. 2023ರ ಕೊನೆಯಲ್ಲಿ 18ನೇ ಮಾರ್ಗ ಸೇರಿಕೊಂಡಿತು. 2025ರ ಜೂನ್‌ನಲ್ಲಿ ತೆರೆದ ವಿಶಾಲವಾದ ಚೊಂಗ್‌ಚಿಂಗ್ ಪೂರ್ವ ರೈಲು ನಿಲ್ದಾಣಕ್ಕೆ 6ನೇ ಮಾರ್ಗದ ಶಾಖೆ ಈಗಾಗಲೇ ತಲುಪಿದೆ. ಪಶ್ಚಿಮದ ಬಿಶಾನ್‌ನಿಂದ ಪರ್ವತ ಶ್ರೇಣಿಯನ್ನು ಸೀಳಿ ಅದೇ ಪೂರ್ವ ನಿಲ್ದಾಣದ ಕಡೆಗೆ ಸಾಗಬೇಕಿರುವ 27ನೇ ಮಾರ್ಗದ ಕಾಮಗಾರಿ ನಡೆದಿದೆ. ಅದರ ಮೇಲೆ ರೈಲುಗಳು ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಓಡಲಿವೆ.